ವ್ಯಾಕ್ಸೋ, ಸೆರಾಮಿಕ್ಕೋ, ಫಿಲ್ಮೋ? ಕಾರಿನ ಮೈಗೂ ಲೆದರ್ ಸೀಟಿಗೂ ಸರಿಯಾದದ್ದನ್ನು ಆರಿಸುವುದು ಹೇಗೆ

ಹೊಸ ಕಾರು ಬಂದ ವಾರದಲ್ಲೇ ಈ ಗೊಂದಲ ಶುರುವಾಗುತ್ತದೆ. ವ್ಯಾಕ್ಸ್ ಹಾಕಿದರೆ ಸಾಕಾ? ಸೆರಾಮಿಕ್ ಕೋಟಿಂಗ್ ಮಾಡಿಸಬೇಕಾ? ಪಿಪಿಎಫ್ ಅಂತ, ಬಣ್ಣದ ಮೇಲೆ ಅಂಟಿಸುವ ಪಾರದರ್ಶಕ ಫಿಲ್ಮ್ ಇನ್ನೊಂದಿದೆಯಲ್ಲ, ಅದು ಇನ್ನೂ ಒಳ್ಳೆಯದಾ? ಒಳಗೆ ಲೆದರ್ ಸೀಟಿದ್ದರೆ ಅದಕ್ಕೆ ಎಣ್ಣೆಯೋ, ಕ್ರೀಮೋ, ಕೋಟಿಂಗೋ ಎಂಬ ಪ್ರಶ್ನೆ ಬೇರೆ. ಒಬ್ಬರು ಒಂದು ಹೇಳಿದರೆ ಇನ್ನೊಬ್ಬರು ಅದರ ಉಲ್ಟಾ ಹೇಳುತ್ತಾರೆ. ಇಬ್ಬರ ಮಾತೂ ನಿಜವಿರಬಹುದು. ಅವರವರ ಕಾರು ನಿಲ್ಲುವ ಜಾಗ ಬೇರೆ, ತೊಳೆಯುವ ಕೈ ಬೇರೆ.

ಅದಕ್ಕೇ ಬಾಟಲಿಗಳ ಮಾತಿಗೆ ಮೊದಲು ಒಂದು ವಿಷಯ ಹೇಳಿಬಿಡುತ್ತೇನೆ. ಈಗಿನ ಕಾರಿನ ಮೈ ಸವರಿದಾಗ ನಿಮ್ಮ ಕೈ ಬಣ್ಣವನ್ನು ಮುಟ್ಟುವುದೇ ಇಲ್ಲ. ಲೆದರ್ ಸೀಟು ಸವರಿದಾಗಲೂ, ಹೆಚ್ಚಿನ ಕಾರುಗಳಲ್ಲಿ, ಚರ್ಮ ಕೈಗೆ ಸಿಗುವುದಿಲ್ಲ. ಎರಡೂ ಕಡೆ ಕೈಗೆ ಸಿಗುವುದು ಮೇಲಿರುವ ಒಂದು ತೆಳ್ಳನೆಯ ಪದರ.

ಹೊರಗಿನ ಪದರದ ಹೆಸರು ಕ್ಲಿಯರ್ ಕೋಟ್. ತಗಡಿನ ಮೇಲೆ ಪ್ರೈಮರ್, ಅದರ ಮೇಲೆ ಬಣ್ಣ, ಎಲ್ಲಕ್ಕಿಂತ ಮೇಲೆ ಇದು. ಸಾಮಾನ್ಯವಾಗಿ 35ರಿಂದ 50 ಮೈಕ್ರಾನ್ ದಪ್ಪ ಇರುತ್ತದೆ. ನಮ್ಮ ತಲೆಕೂದಲೇ ಸುಮಾರು 70 ಮೈಕ್ರಾನ್. ಕೂದಲಿಗಿಂತ ತೆಳುವಾದ ಈ ಪದರ ಬಿಸಿಲು, ಮಳೆ, ಧೂಳು, ಹಕ್ಕಿ ಹಿಕ್ಕೆ ಎಲ್ಲವನ್ನೂ ತಡೆದುಕೊಂಡು ನಿಂತಿರುತ್ತದೆ. ಬಿಸಿಲಿನ ಅಲ್ಟ್ರಾವಯಲೆಟ್ ಕಿರಣ ಹೀರುವ ವಸ್ತು ಇರುವುದೂ ಇದರಲ್ಲೇ. ಪಾಲಿಶ್ ಮಾಡಿದಾಗಲೆಲ್ಲ ಇದು ಒಂದೆರಡು ಮೈಕ್ರಾನ್ ಸವೆಯುತ್ತದೆ. ಸವೆದದ್ದನ್ನು ಯಾವ ಬಾಟಲಿಯೂ ಮತ್ತೆ ತುಂಬಿಸುವುದಿಲ್ಲ. ಪೂರ್ತಿ ಹೋದರೆ ಹೊಸದಾಗಿ ಪೇಂಟ್ ಮಾಡಿಸುವುದೊಂದೇ ದಾರಿ.

ಲೆದರಿನಲ್ಲೂ ಹೀಗೇ. ಹದ ಮಾಡಿದ ಚರ್ಮದ ಮೇಲೆ ಬಣ್ಣ ಬಳಿದು, ಅದರ ಮೇಲೆ ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್ಕಿನ ತೆಳು ಲೇಪ ಕೊಟ್ಟಿರುತ್ತಾರೆ. ನಾವು ಕೂರುವುದು ಆ ಲೇಪದ ಮೇಲೆ.

ಹಾಗಾಗಿ ನಾನು ಯಾವ ವಸ್ತುವನ್ನಾದರೂ ತೂಗುವುದು ಒಂದೇ ತಕ್ಕಡಿಯಲ್ಲಿ. ಇದರಿಂದ ಆ ಪದರ ಎಷ್ಟು ಉಳಿಯುತ್ತದೆ? ಹೊಳಪಿನ ಮಾತು ಆಮೇಲೆ.

ಮೊದಲು ಈ ಪ್ರಶ್ನೆಗಳಿಗೆ ಉತ್ತರ ಬರಲಿ

ಕಾರು ಹಗಲಿಡೀ ಎಲ್ಲಿ ನಿಲ್ಲುತ್ತದೆ? ಇದು ಎಲ್ಲಕ್ಕಿಂತ ದೊಡ್ಡ ಪ್ರಶ್ನೆ. ನೆರಳಿನಲ್ಲಿ ನಿಲ್ಲುವ ಕಾರಿಗೆ ಎರಡು ತಿಂಗಳು ಬರುವ ವ್ಯಾಕ್ಸ್, ಬಿಸಿಲಿನಲ್ಲಿ ಬೇಯುವ ಕಾರಿಗೆ ಮೂರೇ ವಾರಕ್ಕೆ ಮುಗಿಯಬಹುದು. ಮರದ ಕೆಳಗೆ ನಿಲ್ಲಿಸುವವರಿಗೆ ಬಿಸಿಲಿನ ಕಾಟ ಕಡಿಮೆ, ಹಿಕ್ಕೆ ಮತ್ತು ಅಂಟಿನ ಕಾಟ ಜಾಸ್ತಿ.

ಯಾರು ತೊಳೆಯುತ್ತಾರೆ? ನೀವೇ ತೊಳೆಯುವುದಾದರೆ ಆಯ್ಕೆಗಳು ಹೆಚ್ಚು. ಬೇರೆಯವರು ಒಂದೇ ಬಕೆಟ್ ನೀರಲ್ಲಿ ಹಳೆ ಬಟ್ಟೆ ಅದ್ದಿ ಹತ್ತು ಕಾರು ಒರೆಸುವುದಾದರೆ, ದುಬಾರಿ ಕೋಟಿಂಗ್ ಹಾಕಿಸಿದರೂ ಅದರ ಮೇಲೇ ಗೀರು ಬೀಳುತ್ತದೆ.

ಇನ್ನೆಷ್ಟು ವರ್ಷ ಇಟ್ಟುಕೊಳ್ಳುತ್ತೀರಿ? ಈಗ ಪೇಂಟಿನ ಸ್ಥಿತಿ ಹೇಗಿದೆ? ಹೆದ್ದಾರಿಯ ಓಡಾಟ ಎಷ್ಟು? ಇವನ್ನೂ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಖರ್ಚಿನ ಲೆಕ್ಕ ಹಾಕುವಾಗ ಮೊದಲ ದಿನದ ಹಣ ಒಂದನ್ನೇ ನೋಡಬೇಡಿ. ಮುಂದೆ ಅದನ್ನು ನೋಡಿಕೊಳ್ಳಲು ತಗಲುವ ಹಣ ಮತ್ತು ಸಮಯವೂ ಆ ಲೆಕ್ಕದಲ್ಲಿರಲಿ. ನಿಮ್ಮ ಬೆನ್ನು, ತೋಳು ಎಷ್ಟು ಹೊತ್ತು ತಡೆದುಕೊಳ್ಳುತ್ತವೆ ಎಂಬುದೂ ಒಂದು ಲೆಕ್ಕವೇ. ಇಡೀ ಕಾರಿಗೆ ಕೈಯಲ್ಲಿ ವ್ಯಾಕ್ಸ್ ಹಚ್ಚಿ ಒರೆಸುವುದಕ್ಕೆ ಅರ್ಧ ದಿನ ಬೇಕು.

ತೊಳೆಯುವ ಬಗೆಯಲ್ಲೇ ಅರ್ಧ ಉತ್ತರ ಇದೆ

ನನ್ನ ಮೊದಲ ಕಾರು ಕಪ್ಪು ಬಣ್ಣದ್ದು. ದಿನಾ ಬೆಳಿಗ್ಗೆ ಒಣ ಬಟ್ಟೆ ಹಿಡಿದು ಧೂಳು ಒರೆಸುತ್ತಿದ್ದೆ, ತುಂಬಾ ಪ್ರೀತಿಯಿಂದ. ಆರು ತಿಂಗಳಾಗುವ ಹೊತ್ತಿಗೆ, ಬಾನೆಟ್ ಮೇಲೆ ಬಿಸಿಲು ಬಿದ್ದರೆ ಜೇಡರ ಬಲೆ ಹಾಸಿದ ಹಾಗೆ ಕಾಣುತ್ತಿತ್ತು. ಆ ಬಲೆಯನ್ನು ನೇಯ್ದದ್ದು ನನ್ನದೇ ಕೈ. ಧೂಳಿನಲ್ಲಿ ಸಣ್ಣ ಮರಳಿನ ಕಣ ಇರುತ್ತವೆ. ಒಣ ಬಟ್ಟೆಯಲ್ಲಿ ಒತ್ತಿ ಎಳೆದರೆ ಅದು ಮರಳು ಕಾಗದದ ಕೆಲಸವನ್ನೇ ಮಾಡುತ್ತದೆ. ಇವತ್ತಿಗೂ ಅದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ. ಅದಕ್ಕೇ ಈ ಭಾಗವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮನೆಯಲ್ಲಿ ನೀರು, ಜಾಗ ಎರಡೂ ಇದ್ದರೆ ಎರಡು ಬಕೆಟ್ಟಿನ ಪದ್ಧತಿಯೇ ಒಳ್ಳೆಯದು. ಒಂದರಲ್ಲಿ ಶಾಂಪೂ ನೀರು, ಇನ್ನೊಂದರಲ್ಲಿ ಬರೀ ನೀರು. ಮೊದಲು ಪೈಪ್ ಹಿಡಿದು ಧೂಳು ಇಳಿಸಬೇಕು. ಆಮೇಲೆ ಮೈಕ್ರೋಫೈಬರ್ ಕೈಗವಸನ್ನು ಶಾಂಪೂವಿನಲ್ಲಿ ಅದ್ದಿ ಮೇಲಿನಿಂದ ಕೆಳಕ್ಕೆ ತೊಳೆಯಬೇಕು. ಒಂದೊಂದು ಭಾಗ ಆದ ಮೇಲೂ ಕೈಗವಸನ್ನು ಬರೀ ನೀರಿನಲ್ಲಿ ಜಾಲಿಸಿ, ಮತ್ತೆ ಶಾಂಪೂವಿಗೆ ಅದ್ದಬೇಕು. ಹೀಗೆ ಮಾಡಿದರೆ ಕೊಳೆ ಮತ್ತೆ ಮೈಗೆ ಬರುವುದಿಲ್ಲ. ಚಕ್ರಕ್ಕೆ ಬೇರೆಯದೇ ಬ್ರಶ್, ಬೇರೆಯದೇ ಬಟ್ಟೆ. ಬ್ರೇಕಿನಿಂದ ಉದುರುವ ಕಬ್ಬಿಣದ ಪುಡಿ ಬಾನೆಟ್ ಮೇಲೆ ಬರಬಾರದು ಅಲ್ವಾ?

ನೀರು ಕಡಿಮೆ ಇರುವವರಿಗೆ ರಿನ್ಸ್‌ಲೆಸ್ ವಾಶ್ ಎಂಬ ದ್ರವ ಸಿಗುತ್ತದೆ. ಒಂದು ಬಕೆಟ್ ನೀರಿಗೆ ಸ್ವಲ್ಪ ಹಾಕಿ ತೊಳೆದರೆ ಸಾಕು, ಮತ್ತೆ ನೀರು ಹೊಯ್ಯಬೇಕಿಲ್ಲ. ಅದರಲ್ಲಿರುವ ಪಾಲಿಮರುಗಳು ಕೊಳೆಯ ಕಣವನ್ನು ಸುತ್ತಿಕೊಂಡು ಜಾರುವಂತೆ ಮಾಡುತ್ತವೆ. ಸಾಧಾರಣ ಧೂಳಿಗೆ ಇದು ನಿಜಕ್ಕೂ ಚೆನ್ನಾಗಿ ಕೆಲಸ ಮಾಡುತ್ತದೆ. ಕೆಸರು ಮೆತ್ತಿದ್ದರೆ ಮಾತ್ರ ಬೇಡ. ಸ್ಪ್ರೇ ಮಾಡಿ ಒರೆಸುವ ವಾಟರ್‌ಲೆಸ್ ವಾಶ್ ಇದಕ್ಕಿಂತ ಅಪಾಯದ್ದು. ಕೈಬೆರಳ ಗುರುತು, ಒಂದೆರಡು ಕಲೆ ತೆಗೆಯುವುದಕ್ಕೆ ಮಾತ್ರ ಅದನ್ನು ಇಟ್ಟುಕೊಳ್ಳಿ.

ಉರುಳುವ ಬ್ರಶ್ಶಿನ ಯಂತ್ರಕ್ಕೆ ಕಾರು ಒಡ್ಡುವುದು ಸುಲಭ, ಸಮಯವೂ ಉಳಿಯುತ್ತದೆ. ಆದರೆ ಮುಂಚೆ ಬಂದ ಕಾರಿನ ಕೆಸರು ಆ ಬ್ರಶ್ಶಿನಲ್ಲಿರುತ್ತದೆ. ಬರೀ ನೊರೆ ಮತ್ತು ಒತ್ತಡದ ನೀರಿನಿಂದ ತೊಳೆಯುವ ಯಂತ್ರ ಪರವಾಗಿಲ್ಲ. ಗೀರು ಬೀಳುವುದಿಲ್ಲ. ಆದರೆ ಕೈ ಮುಟ್ಟದೆ ಕೊಳೆ ಬಿಡಿಸಬೇಕಲ್ಲ, ಹಾಗಾಗಿ ಅದರಲ್ಲಿ ತೀಕ್ಷ್ಣ ರಾಸಾಯನಿಕ ಬಳಸುವುದುಂಟು. ಅದು ವ್ಯಾಕ್ಸನ್ನು ಬೇಗ ಕರಗಿಸುತ್ತದೆ.

ಪಾತ್ರೆ ತೊಳೆಯುವ ಸೋಪು ಬೇಡ. ಜಿಡ್ಡು ತೆಗೆಯುವುದೇ ಅದರ ಕೆಲಸ. ನೀವು ಹಾಕಿದ ವ್ಯಾಕ್ಸೂ ಅದರ ಲೆಕ್ಕದಲ್ಲಿ ಜಿಡ್ಡೇ. ಕಾರಿನ ಶಾಂಪೂ ಒಂದು ಬಾಟಲಿ ಕೊಂಡರೆ ತಿಂಗಳುಗಟ್ಟಲೆ ಬರುತ್ತದೆ. ತೊಳೆದ ಮೇಲೆ ನೀರು ತಾನಾಗಿ ಒಣಗಲು ಬಿಡಬೇಡಿ. ಗಡಸು ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣ ಇರುತ್ತದೆ. ನೀರು ಆರಿದ ಕಡೆ ಬಿಳಿ ಉಂಗುರ ಉಳಿಯುತ್ತದೆ, ಬಿಸಿಲಿಗೆ ಅದು ಗಟ್ಟಿಯಾಗಿ ಕೂರುತ್ತದೆ. ದಪ್ಪ ಮೈಕ್ರೋಫೈಬರ್ ಟವೆಲ್ ಹಾಸಿ ನೀರು ಹೀರಿಸಿ, ಉಜ್ಜಬೇಡಿ. ಟವೆಲ್ ನೆಲಕ್ಕೆ ಬಿದ್ದರೆ ಆವತ್ತಿಗೆ ಅದನ್ನು ಪಕ್ಕಕ್ಕಿಡಿ. ಒಗೆಯುವಾಗ ಬಟ್ಟೆ ಮೆತ್ತಗೆ ಮಾಡುವ ಸಾಫ್ಟ್‌ನರ್ ಹಾಕಬೇಡಿ. ಅದು ಎಳೆಗಳ ಮೇಲೆ ಕೂತರೆ ಟವೆಲ್ ನೀರು ಹೀರುವುದನ್ನೇ ಬಿಡುತ್ತದೆ.

ಹಕ್ಕಿ ಹಿಕ್ಕೆ ಕಂಡರೆ ಭಾನುವಾರದವರೆಗೆ ಕಾಯಬೇಡಿ. ಅದರಲ್ಲಿ ಆಮ್ಲ ಇದೆ. ಬಿಸಿಲಿಗೆ ಕ್ಲಿಯರ್ ಕೋಟ್ ಮೆದುವಾದಾಗ ಅಲ್ಲೇ ಕೊರೆದು ಗುಂಡಿ ಮಾಡುತ್ತದೆ. ಒದ್ದೆ ಬಟ್ಟೆಯನ್ನು ಅದರ ಮೇಲೆ ಐದು ನಿಮಿಷ ಇಟ್ಟು ನೆನೆಸಿ, ಮೆಲ್ಲಗೆ ಎತ್ತಿ ತೆಗೆಯಿರಿ.

ಪಾಲಿಶ್ ಬೇರೆ, ರಕ್ಷಣೆ ಬೇರೆ

ಈ ಎರಡನ್ನೂ ಒಂದೇ ಎಂದುಕೊಳ್ಳುವವರು ತುಂಬಾ ಜನ. ಪಾಲಿಶ್ ಎಂದರೆ ಸಣ್ಣದಾಗಿ ಉಜ್ಜಿ ಸವೆಸುವುದು. ಗೀರಿನ ಅಂಚು ಸಮವಾಗುವಷ್ಟು ಕ್ಲಿಯರ್ ಕೋಟ್ ತೆಗೆದರೆ ಬೆಳಕು ಚದುರುವುದಿಲ್ಲ, ಹೊಳಪು ಬರುತ್ತದೆ. ವ್ಯಾಕ್ಸ್, ಸೀಲಂಟ್, ಕೋಟಿಂಗ್ ಇವು ಮೇಲೆ ಹೊದಿಸುವ ವಸ್ತುಗಳು. ಪಾಲಿಶಿನಲ್ಲಿ ಖರ್ಚಾಗುವ ಪದರವನ್ನು ಇವು ಕಾಯುತ್ತವೆ.

ವರ್ಷಕ್ಕೆ ಮೂರು ನಾಲ್ಕು ಸಲ ಪಾಲಿಶ್ ಮಾಡಿಸುವ ಪ್ಯಾಕೇಜ್ ಯಾರಾದರೂ ಹೇಳಿದರೆ ಬೇಡ ಎನ್ನಿ. ಒಂದು ಸಲ ಚೆನ್ನಾಗಿ ಮಾಡಿಸಿ, ಮೇಲೆ ರಕ್ಷಣೆ ಹಾಕಿ, ಆಮೇಲೆ ಸರಿಯಾಗಿ ತೊಳೆಯುತ್ತಾ ಬಂದರೆ ವರ್ಷಗಟ್ಟಲೆ ಪಾಲಿಶ್ ಬೇಕಾಗುವುದಿಲ್ಲ. ಇನ್ನು ಕೆಲವು ಪಾಲಿಶ್‌ಗಳಲ್ಲಿ ಗೀರನ್ನು ತುಂಬಿ ಮುಚ್ಚುವ ಎಣ್ಣೆಗಳಿರುತ್ತವೆ. ಆವತ್ತು ಕಾರು ಕನ್ನಡಿ ಹಾಗೆ ಕಾಣುತ್ತದೆ. ಎರಡು ಮೂರು ಸಲ ತೊಳೆದರೆ ಹಳೆಯ ಗೀರುಗಳೆಲ್ಲ ವಾಪಸ್. ಕೆಲಸ ಮಾಡಿಸಿದರೆ ಕಾರನ್ನು ಬಿಸಿಲಿನಲ್ಲಿ ನೋಡಿ. ಮೈಯನ್ನು ಐಸೋಪ್ರೊಪೈಲ್ ಆಲ್ಕೋಹಾಲ್ ಬೆರೆಸಿದ ನೀರಿನಲ್ಲಿ ಒರೆಸಿ ತೋರಿಸಲು ಕೇಳಿ. ನಿಜವಾಗಿ ಗೀರು ಹೋಗಿದ್ದರೆ ಒರೆಸಿದ ಮೇಲೂ ಕಾಣುವುದಿಲ್ಲ.

ನೀವೇ ಮಾಡುವುದಾದರೆ ಡ್ಯುಯಲ್ ಆಕ್ಷನ್ ಯಂತ್ರ ಬಳಸಿ. ಅದು ತಿರುಗುತ್ತಲೇ ಅಲುಗಾಡುತ್ತದೆ, ಒಂದೇ ಜಾಗದಲ್ಲಿ ಬಿಸಿ ಹುಟ್ಟುವುದಿಲ್ಲ. ಬರೀ ತಿರುಗುವ ರೋಟರಿ ಯಂತ್ರ ಪಳಗಿದ ಕೈಗೆ ಮಾತ್ರ ಸರಿ. ಅಂಚುಗಳಲ್ಲಿ ಕ್ಲಿಯರ್ ಕೋಟ್ ಇನ್ನೂ ತೆಳುವಾಗಿರುತ್ತದೆ, ಕ್ಷಣದಲ್ಲಿ ಸುಟ್ಟು ಹೋಗುತ್ತದೆ. ಹಳೇ ಕಾಲದ ಕಾರುಗಳಲ್ಲಿ ಕ್ಲಿಯರ್ ಕೋಟ್ ಇರುವುದೇ ಇಲ್ಲ. ಉಜ್ಜಿದ ಬಟ್ಟೆಗೆ ಕಾರಿನ ಬಣ್ಣ ಹತ್ತಿದರೆ ನಿಮ್ಮದು ಅಂಥದ್ದು, ಇನ್ನೂ ಹುಷಾರಾಗಿರಿ. ಮ್ಯಾಟ್ ಫಿನಿಶ್ ಕಾರಿಗಂತೂ ಪಾಲಿಶ್ ಮುಟ್ಟಿಸಲೇಬಾರದು. ಒಮ್ಮೆ ಹೊಳಪು ಬಂದ ಜಾಗ ಮತ್ತೆ ಮ್ಯಾಟ್ ಆಗುವುದಿಲ್ಲ.

ಯಾವ ರಕ್ಷಣೆ ಹಾಕುವ ಮೊದಲೂ ಮೈ ನುಣ್ಣಗಿರಬೇಕು. ತೊಳೆದ ಮೇಲೆ ಒಂದು ತೆಳು ಪ್ಲಾಸ್ಟಿಕ್ ಚೀಲದೊಳಗೆ ಬೆರಳಿಟ್ಟು ಬಾನೆಟ್ ಸವರಿ. ತರಿತರಿ ಅನಿಸಿದರೆ ಕೊಳೆ ಅಂಟಿ ಕೂತಿದೆ ಎಂದರ್ಥ. ಟಾರಿಗೆ ಟಾರ್ ರಿಮೂವರ್ ಬೇಕು. ಕಬ್ಬಿಣದ ಕಣಗಳಿಗೆ ಐರನ್ ರಿಮೂವರ್ ಇದೆ, ಅದು ಕಬ್ಬಿಣಕ್ಕೆ ತಾಗಿದ ಕಡೆ ನೇರಳೆ ಬಣ್ಣಕ್ಕೆ ತಿರುಗುತ್ತದೆ. ಉಳಿದದ್ದಕ್ಕೆ ಕ್ಲೇ ಬಾರ್, ಅಂದರೆ ಅಂಟಿದ ಕೊಳೆ ಕಿತ್ತು ತೆಗೆಯುವ ಜೇಡಿಯಂಥ ಮುದ್ದೆ. ಚೆನ್ನಾಗಿ ಜಾರುವ ನೀರು ಹಾಕಿಕೊಂಡೇ ಅದನ್ನು ಉಜ್ಜಬೇಕು. ವರ್ಷಕ್ಕೊಮ್ಮೆ ಮಾಡಿದರೆ ಸಾಕು.

ಈಗ ಆಯ್ಕೆಗಳು

ಕಾರ್ನೋಬಾ ವ್ಯಾಕ್ಸ್ ಹಳೆಯದು, ಇವತ್ತಿಗೂ ಚೆನ್ನಾಗಿದೆ. ಬ್ರೆಜಿಲಿನ ಈಶಾನ್ಯ ಭಾಗದಲ್ಲಿ ಬೆಳೆಯುವ ಒಂದು ತಾಳೆಯ ಎಲೆಯಿಂದ ಉದುರಿಸಿ ತೆಗೆಯುವ ಮೇಣ ಇದು. 82ರಿಂದ 86 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಅಷ್ಟು ಗಟ್ಟಿ ಮೇಣವನ್ನು ಹಾಗೇ ಹಚ್ಚಲಾಗದು ಎಂದು ಎಣ್ಣೆ, ದ್ರಾವಕ, ಬೇರೆ ಮೇಣ ಬೆರೆಸಿ ಡಬ್ಬಿಯಲ್ಲಿ ಮಾರುತ್ತಾರೆ. ಕಪ್ಪು, ಕೆಂಪು, ಕಡುನೀಲಿ ಕಾರಿನ ಮೇಲೆ ಅದು ಕೊಡುವ ತುಂಬಿದ ಹೊಳಪು ನನಗೆ ಬೇರೆ ಯಾವುದರಲ್ಲೂ ಕಂಡಿಲ್ಲ. ಆದರೆ ಒಂದೆರಡು ತಿಂಗಳಿಗೆ ಮತ್ತೆ ಹಚ್ಚಬೇಕು. ತಪ್ಪಾಗಿ ಹಚ್ಚಿದರೂ ನಷ್ಟವಿಲ್ಲ, ಒರೆಸಿ ಮತ್ತೆ ಹಚ್ಚಬಹುದು. ಕಾರಿನ ಜೊತೆ ಸಮಯ ಕಳೆಯುವುದು ಇಷ್ಟವಿರುವವರಿಗೆ, ನೆರಳಿನಲ್ಲಿ ನಿಲ್ಲಿಸುವವರಿಗೆ ಇದು.

ಸಿಂಥೆಟಿಕ್ ಸೀಲಂಟ್ ಪಾಲಿಮರ್‌ನದ್ದು. ಹಚ್ಚುವ ಶ್ರಮ ಅಷ್ಟೇ, ಬಾಳಿಕೆ ನಾಲ್ಕರಿಂದ ಆರು ತಿಂಗಳು. ಬಿಸಿಲಿಗೆ ವ್ಯಾಕ್ಸಿಗಿಂತ ಚೆನ್ನಾಗಿ ನಿಲ್ಲುತ್ತದೆ. ಹೊಳಪು ಸ್ವಲ್ಪ ಗಾಜಿನಂತೆ, ತಣ್ಣಗೆ ಕಾಣುತ್ತದೆ. ಬಿಳಿ, ಬೆಳ್ಳಿ ಬಣ್ಣದ ಕಾರಿಗೆ ಅದೇ ಚೆಂದ. ವರ್ಷಕ್ಕೆ ಎರಡು ಸಲ ಮಾತ್ರ ಕೈ ಹಾಕಲು ಸಾಧ್ಯ ಎನ್ನುವವರಿಗೆ ಹಣಕ್ಕೆ ತಕ್ಕ ಬೆಲೆ ಇದರಲ್ಲೇ ಸಿಗುತ್ತದೆ ಎಂಬುದು ನನ್ನ ಅಭಿಪ್ರಾಯ. ಇದರ ಬಗ್ಗೆ ಯಾರೂ ಜೋರಾಗಿ ಮಾತಾಡುವುದಿಲ್ಲ, ಆದರೂ ಹೆಚ್ಚಿನ ಮನೆಗಳಿಗೆ ಸರಿಹೊಂದುವುದು ಇದು.

ಸೆರಾಮಿಕ್ ಸ್ಪ್ರೇ ಎಂದು ಸಿಗುವುದು ಸಿಲಿಕಾ ಬೆರೆತ ಸ್ಪ್ರೇ ಸೀಲಂಟ್. ತೊಳೆದ ಮೇಲೆ ಸಿಂಪಡಿಸಿ ಒರೆಸಿದರೆ ಇಪ್ಪತ್ತು ನಿಮಿಷದ ಕೆಲಸ. ಎರಡು ಮೂರು ತಿಂಗಳು ಬರುತ್ತದೆ. ಹೆಸರು ಒಂದೇ ಎಂದು ಇದನ್ನೂ ಅಸಲಿ ಸೆರಾಮಿಕ್ ಕೋಟಿಂಗನ್ನೂ ಒಂದೇ ಸಾಲಿನಲ್ಲಿ ಇಡಬೇಡಿ.

ಅಸಲಿ ಸೆರಾಮಿಕ್ ಕೋಟಿಂಗ್ ಒಂದು ದ್ರವ. ಹಚ್ಚಿದ ಮೇಲೆ ಗಟ್ಟಿಯಾಗಿ, ಕ್ಲಿಯರ್ ಕೋಟಿಗೆ ಅಂಟಿಕೊಂಡು ಗಾಜಿನಂಥ ಪದರವಾಗುತ್ತದೆ. ಚೆನ್ನಾಗಿ ಹಾಕಿ ಚೆನ್ನಾಗಿ ನೋಡಿಕೊಂಡರೆ ಎರಡರಿಂದ ಐದು ವರ್ಷ ನಿಲ್ಲುತ್ತದೆ. ಕೊಳೆ ಸುಲಭವಾಗಿ ಬಿಡುತ್ತದೆ, ತೊಳೆಯುವ ಶ್ರಮ ಅರ್ಧಕ್ಕೆ ಇಳಿಯುತ್ತದೆ. ಇದರ ದೊಡ್ಡ ಲಾಭ ಅದೇ. ಉಜ್ಜುವುದು ಕಡಿಮೆಯಾದಷ್ಟೂ ಕ್ಲಿಯರ್ ಕೋಟ್ ಉಳಿಯುತ್ತದೆ.

ಆದರೆ ಇದರ ಬಗ್ಗೆ ಹೇಳುವ ಎರಡು ಮಾತನ್ನು ನಂಬಬೇಡಿ. ಮೊದಲನೆಯದು, ಗೀರೇ ಬೀಳುವುದಿಲ್ಲ ಎನ್ನುವುದು. ಬಾಟಲಿಯ ಮೇಲಿರುವ 9ಎಚ್ ಎಂಬ ಅಂಕಿ ಪೆನ್ಸಿಲ್ ಪರೀಕ್ಷೆಯದ್ದು. ಬೇರೆ ಬೇರೆ ಗಡಸಿನ ಪೆನ್ಸಿಲ್ ಒತ್ತಿ ಎಳೆದು ಯಾವುದಕ್ಕೆ ಗೀರು ಬೀಳುತ್ತದೆ ಎಂದು ನೋಡುತ್ತಾರೆ. ಖನಿಜಗಳ ಗಡಸು ನೋಡಿ ವಜ್ರಕ್ಕೆ 10 ಕೊಡುವ ಮೋಸ್ (Mohs) ಅಳತೆಗೂ ಇದಕ್ಕೂ ಸಂಬಂಧವಿಲ್ಲ. ಕೋಟಿಂಗಿನ ದಪ್ಪ ಹೆಚ್ಚೆಂದರೆ ಒಂದೆರಡು ಮೈಕ್ರಾನ್. ಕಲ್ಲು ಹಾರಿ ಬಂದರೆ ಅದು ಏನನ್ನೂ ತಡೆಯುವುದಿಲ್ಲ. ಎರಡನೆಯದು, ಹಾಕಿಸಿದ ಮೇಲೆ ಏನೂ ಮಾಡಬೇಕಿಲ್ಲ ಎನ್ನುವುದು. ನೀರು ಮುತ್ತಿನ ಹಾಗೆ ಗುಂಡಗೆ ನಿಲ್ಲುವುದು ನೋಡಲು ಚೆಂದ. ಗಡಸು ನೀರಾದರೆ ಒಂದೊಂದು ಮುತ್ತೂ ಆರಿ ಒಂದೊಂದು ಸುಣ್ಣದ ಕಲೆ ಬಿಡುತ್ತದೆ. ಕೋಟಿಂಗ್ ಹಾಕಿದ ಕಾರನ್ನು ಒರೆಸಿ ಒಣಗಿಸುವ ಕೆಲಸ ತಪ್ಪುವುದಿಲ್ಲ.

ಇನ್ನೊಂದು ತೊಡಕಿದೆ. ಕೋಟಿಂಗ್ ಕೆಳಗೆ ಏನಿದೆಯೋ ಅದೇ ವರ್ಷಗಟ್ಟಲೆ ಉಳಿಯುತ್ತದೆ. ಗೀರಿದ್ದರೆ ಗೀರೂ ಸೇರಿ. ಅದಕ್ಕೇ ಮೊದಲು ಪಾಲಿಶ್ ಮಾಡುತ್ತಾರೆ. ಖರ್ಚಿನ ದೊಡ್ಡ ಪಾಲು ಹೋಗುವುದು ಆ ತಯಾರಿಗೇ, ಬಾಟಲಿಗೆ ಕಡಿಮೆ. ಹಾಗಾಗಿ ಹಾಕಿಸುವಾಗ ಕಂಪನಿಯ ಹೆಸರಿಗಿಂತ ಜಾಸ್ತಿ ಕೇಳಬೇಕಾದದ್ದು ಬೇರೆ ಇದೆ. ಪೇಂಟಿನ ದಪ್ಪ ಅಳೆದು ತೋರಿಸುತ್ತಾರಾ? ಎಷ್ಟು ಗಂಟೆ ತಯಾರಿ ಮಾಡುತ್ತಾರೆ? ವಾರಂಟಿ ಉಳಿಯಬೇಕಾದರೆ ಎಷ್ಟು ತಿಂಗಳಿಗೊಮ್ಮೆ ಬಂದು ಹಣ ಕಟ್ಟಬೇಕು? ಮನೆಯಲ್ಲಿ ನೀವೇ ಹಾಕಬಹುದು, ಆದರೆ ಒರೆಸುವುದು ಕೆಲವು ನಿಮಿಷ ತಡವಾದರೂ ಪಟ್ಟೆಗಳು ಗಟ್ಟಿಯಾಗಿ ಕೂರುತ್ತವೆ. ಅವನ್ನು ತೆಗೆಯಲು ಮತ್ತೆ ಪಾಲಿಶ್ಶೇ ಗತಿ.

ಟೆಫ್ಲಾನ್ ಕೋಟಿಂಗ್ ಬಗ್ಗೆ ಎರಡೇ ಮಾತು. ಟೆಫ್ಲಾನ್ ಕರಗುವುದು 327 ಡಿಗ್ರಿಯಲ್ಲಿ. ಬಾಣಲೆಗೆ ಅದನ್ನು ಕೂರಿಸಲು ಅಷ್ಟಕ್ಕೂ ಮೀರಿದ ಶಾಖ ಕೊಡುತ್ತಾರೆ. ಆ ಶಾಖವನ್ನು ಕಾರಿನ ಪೇಂಟ್ ತಾಳುವುದಿಲ್ಲ. ಆ ಹೆಸರಿನಲ್ಲಿ ಕಾರಿಗೆ ಹಚ್ಚುವುದನ್ನು ಒಂದು ಸಾಧಾರಣ ಸೀಲಂಟ್ ಎಂದುಕೊಂಡು ಅದಕ್ಕೆ ತಕ್ಕಷ್ಟೇ ಹಣ ಕೊಡಿ.

ಕೊನೆಯದು ಪಿಪಿಎಫ್. ಅದು ಪೇಂಟಿನ ಮೇಲೆ ಅಂಟಿಸುವ ಪಾರದರ್ಶಕ ಫಿಲ್ಮ್. ವಿಯೆಟ್ನಾಂ ಯುದ್ಧದ ಕಾಲದಲ್ಲಿ ಹೆಲಿಕಾಪ್ಟರ್ ರೆಕ್ಕೆಗಳನ್ನು ಮರಳು, ಕಲ್ಲುಗಳಿಂದ ಕಾಯಲು ಹುಟ್ಟಿದ ಯೋಚನೆ ಇದು. ಈಗಿನದ್ದು ಟಿಪಿಯು, ಅಂದರೆ ಥರ್ಮೋಪ್ಲಾಸ್ಟಿಕ್ ಪಾಲಿಯುರೆಥೇನ್. ದಪ್ಪ 150ರಿಂದ 200 ಮೈಕ್ರಾನ್, ಸೆರಾಮಿಕ್ ಪದರದ ನೂರು ಪಟ್ಟು. ಹಾರಿ ಬರುವ ಸಣ್ಣ ಕಲ್ಲಿನ ಏಟು ತಡೆಯುವುದು ಈ ಪಟ್ಟಿಯಲ್ಲಿ ಇದೊಂದೇ. ಒಳ್ಳೆಯ ಫಿಲ್ಮಿನ ಮೇಲೆ ಬಿದ್ದ ಸಣ್ಣ ಗೀರು ಬಿಸಿಲಿಗೆ ತಾನಾಗಿ ಕೂಡಿಕೊಳ್ಳುತ್ತದೆ. ಐದರಿಂದ ಹತ್ತು ವರ್ಷ ಬರುತ್ತದೆ. ನಿಮ್ಮ ಕ್ಲಿಯರ್ ಕೋಟಿನ ಬದಲು ಇದೇ ಸವೆಯುತ್ತದೆ.

ದುಬಾರಿ, ಅದರಲ್ಲಿ ಎರಡು ಮಾತಿಲ್ಲ. ಇಡೀ ಕಾರಿಗೆ ಹಾಕಿಸುವುದು ಎಲ್ಲರಿಗೂ ಬೇಕಿಲ್ಲ. ಕಲ್ಲು ಬಡಿಯುವುದು ಬಂಪರ್, ಬಾನೆಟ್, ಕನ್ನಡಿಗಳ ಹಿಂಬದಿ, ಹೆಡ್‌ಲೈಟ್ ಇಂಥ ಕಡೆ. ಅಷ್ಟಕ್ಕೆ ಹಾಕಿಸಿ, ಬಾಗಿಲ ಹಿಡಿಯ ಒಳಗಿನ ಬಟ್ಟಲಿಗೂ ಒಂದು ತುಂಡು ಅಂಟಿಸಿದರೆ ಸಾಕಾಗುತ್ತದೆ. ಪಿವಿಸಿ ಫಿಲ್ಮನ್ನೇ ಪಿಪಿಎಫ್ ಎಂದು ಕಡಿಮೆಗೆ ಕೊಡುವುದುಂಟು. ಅದು ಬೇಗ ಹಳದಿಯಾಗುತ್ತದೆ, ಕೀಳುವಾಗ ಚೂರುಚೂರಾಗುತ್ತದೆ. ಟಿಪಿಯು ಎಂದು ಬರಹದಲ್ಲಿ ಪಡೆಯಿರಿ. ಫಿಲ್ಮನ್ನು ಕಾರಿನ ಮೇಲೇ ಬ್ಲೇಡಿನಲ್ಲಿ ಕತ್ತರಿಸುತ್ತಾರೋ, ಕಂಪ್ಯೂಟರ್ ಅಳತೆಯಲ್ಲಿ ಮೊದಲೇ ಕತ್ತರಿಸಿ ತರುತ್ತಾರೋ ಕೇಳಿ. ಬ್ಲೇಡು ಸ್ವಲ್ಪ ಆಳಕ್ಕೆ ಇಳಿದರೆ ಕಾಪಾಡಬೇಕಾದ ಪದರಕ್ಕೇ ಗಾಯ. ಕಾರಿನ ಯಾವುದಾದರೂ ಭಾಗ ಮರು ಪೇಂಟ್ ಆಗಿದ್ದರೆ ಮೊದಲೇ ಹೇಳಿ. ಮುಂದೆ ಫಿಲ್ಮ್ ಕೀಳುವಾಗ ಅಂಥ ಪೇಂಟ್ ಜೊತೆಗೇ ಬರಬಹುದು. ಆಗ ತಾನೇ ಪೇಂಟ್ ಮಾಡಿಸಿದ ಭಾಗಕ್ಕೆ ಕಡಿಮೆಯೆಂದರೂ ಒಂದು ತಿಂಗಳು ಏನನ್ನೂ ಹಾಕಬೇಡಿ, ಒಳಗಿನ ದ್ರಾವಕ ಆರಿ ಹೋಗಲಿ.

ಒಳಗೆ ಬರೋಣ

ಲೆದರ್ ವಿಷಯದಲ್ಲಿ ಕೊಳ್ಳುವ ಮೊದಲು ಗುರುತಿಸಬೇಕು. ಸೀಟಿನ ಒಂದು ಮರೆಯಾದ ಮೂಲೆಯಲ್ಲಿ ಒಂದು ಹನಿ ನೀರು ಹಾಕಿ. ಹನಿ ಹಾಗೇ ನಿಂತರೆ ಲೇಪ ಇರುವ ಲೆದರ್, ಅಥವಾ ರೆಕ್ಸಿನ್. ಮೆಲ್ಲಗೆ ಹೀರಿಕೊಂಡು ಕಪ್ಪಾದರೆ ಅನಿಲಿನ್ ಲೆದರ್, ಲೇಪ ಇಲ್ಲದ ಬರೀ ಚರ್ಮ. ಎಷ್ಟೋ ಕಾರುಗಳಲ್ಲಿ ಕೂರುವ ಮತ್ತು ಒರಗುವ ಭಾಗ ಮಾತ್ರ ಲೆದರ್, ಸೀಟಿನ ಪಕ್ಕ ಮತ್ತು ಹಿಂಬದಿ ರೆಕ್ಸಿನ್. ಹಾಗಾಗಿ ಒಂದೇ ಸೀಟಿನಲ್ಲಿ ಎರಡೂ ಇರಬಹುದು.

ಲೇಪ ಇರುವ ಲೆದರಿಗೆ ಎಣ್ಣೆ ಉಣಿಸುವ ಅಗತ್ಯ ಕಡಿಮೆ. ಇದು ಹಲವರಿಗೆ ಒಪ್ಪಿಗೆಯಾಗದ ಮಾತು, ಆದರೂ ಹೇಳಲೇಬೇಕು. ಕಂಡೀಷನರ್, ಅಂದರೆ ಚರ್ಮ ಮೆದುವಾಗಿರಲೆಂದು ಹಚ್ಚುವ ಎಣ್ಣೆ ಅಥವಾ ಕ್ರೀಮು, ಪಾಲಿಯುರೆಥೇನ್ ಲೇಪದ ಮೂಲಕ ಒಳಕ್ಕೆ ಇಳಿಯುವುದು ತೀರಾ ಸ್ವಲ್ಪ. ಉಳಿದದ್ದು ಮೇಲೇ ಕೂತು ಧೂಳು ಹಿಡಿಯುತ್ತದೆ. ಆ ಧೂಳು ನಾವು ಹತ್ತಿ ಇಳಿದಾಗಲೆಲ್ಲ ಲೇಪವನ್ನು ಉಜ್ಜುತ್ತದೆ. ಡ್ರೈವರ್ ಸೀಟಿನ ಬಾಗಿಲ ಕಡೆಯ ಅಂಚು ಮೊದಲು ಬಿರುಕು ಬಿಡುವುದು ಇದೇ ಕಾರಣಕ್ಕೆ. ಕೊಳೆ ಮತ್ತು ಉಜ್ಜಾಟ ಸೇರಿ ಅದನ್ನು ತಿನ್ನುತ್ತವೆ. ಹಾಗಾಗಿ ಇಂಥ ಸೀಟಿಗೆ ನಿಮ್ಮ ಹಣ ಮೊದಲು ಹೋಗಬೇಕಾದದ್ದು ಕ್ಲೀನರಿಗೆ, ಆಮೇಲೆ ಪ್ರೊಟೆಕ್ಟರಿಗೆ. ಕಂಡೀಷನರ್ ಮೂರನೆಯದು. ಅದನ್ನೂ ನೀರಿನ ಮೂಲದ್ದೇ ಆರಿಸಿ, ತೆಳುವಾಗಿ ಹಚ್ಚಿ, ಉಳಿದದ್ದನ್ನು ಒರೆಸಿ.

ಕ್ಲೀನರ್ ನೀರಿನ ಮೂಲದ, ಸೌಮ್ಯವಾದದ್ದಾಗಿರಲಿ. ಬ್ರಶ್ ಅಥವಾ ಬಟ್ಟೆಗೆ ಹಾಕಿ ನೊರೆ ಮಾಡಿ, ಮೆದು ಕೂದಲ ಬ್ರಶ್ಶಿನಲ್ಲಿ ಸುತ್ತಾಡಿಸಿ, ಒದ್ದೆ ಮೈಕ್ರೋಫೈಬರಿನಲ್ಲಿ ಒರೆಸಿ. ಸಣ್ಣ ತೂತುಗಳಿರುವ ಸೀಟಿನ ಮೇಲೆ ನೇರವಾಗಿ ಸಿಂಪಡಿಸಬೇಡಿ. ದ್ರವ ಒಳಗಿನ ಸ್ಪಂಜಿಗೆ, ಸೀಟು ತಂಪು ಮಾಡುವ ಫ್ಯಾನಿದ್ದರೆ ಅದಕ್ಕೂ ಇಳಿಯುತ್ತದೆ. ಒಳ್ಳೆಯ ಲೆದರ್ ನಿಜವಾಗಿ ಮಂದವಾಗಿಯೇ ಇರುತ್ತದೆ. ಸ್ಟೀರಿಂಗ್ ಮೇಲೆ ಕಾಣುವ ಮಿರಿಮಿರಿ ಹೊಳಪು ಕೈಯ ಜಿಡ್ಡು. ಸ್ಯಾನಿಟೈಸರ್ ಹಚ್ಚಿದ ಕೈಯನ್ನು ಆರುವ ಮೊದಲು ಸ್ಟೀರಿಂಗ್ ಮೇಲಿಡಬೇಡಿ. ಆಲ್ಕೋಹಾಲ್ ಆ ಲೇಪವನ್ನು ಮೆದು ಮಾಡಿ ಎಬ್ಬಿಸುತ್ತದೆ. ಮೆಲಮೈನ್ ಸ್ಪಂಜ್ ಕಲೆ ತೆಗೆಯುತ್ತದೆ ನಿಜ, ಜೊತೆಗೆ ಲೇಪವನ್ನೂ ಸ್ವಲ್ಪ ಉಜ್ಜಿ ತೆಗೆಯುತ್ತದೆ.

ಪ್ರೊಟೆಕ್ಟರಿನಲ್ಲೂ ಆಯ್ಕೆ ಇದೆ. ಹಾಲಿನಂಥ ಕ್ರೀಮ್ ರೂಪದ್ದು ಮೂರು ನಾಲ್ಕು ತಿಂಗಳು ಬರುತ್ತದೆ, ಕ್ಲೀನ್ ಮಾಡಿದ ದಿನವೇ ಹಚ್ಚಬಹುದು. ಲೆದರಿನ ಕೋಟಿಂಗ್ ಒಂದು ವರ್ಷದ ಆಸುಪಾಸು ಬರುತ್ತದೆ, ಬೆಲೆ ಜಾಸ್ತಿ. ತಿಳಿ ಬಣ್ಣದ ಸೀಟಿದ್ದು ಮನೆಯಲ್ಲಿ ಜೀನ್ಸ್ ಹಾಕುವವರಿದ್ದರೆ ಕೋಟಿಂಗಿಗೆ ಖರ್ಚು ಮಾಡುವುದು ಸರಿ. ಜೀನ್ಸಿನ ನೀಲಿ ಒಮ್ಮೆ ಲೇಪದೊಳಗೆ ಇಳಿದರೆ ಬಿಡಿಸುವುದು ತುಂಬಾ ಕಷ್ಟ. ಕಪ್ಪು ಸೀಟಿಗೆ ಕ್ರೀಮ್ ಸಾಕು. ಕೋಟಿಂಗಾಗಲಿ ಕ್ರೀಮಾಗಲಿ, ಹೊಸ ಸೀಟಿಗೆ ಮೊದಲ ದಿನಗಳಲ್ಲೇ ಹಾಕುವುದು ಒಳ್ಳೆಯದು.

ಅನಿಲಿನ್ ಲೆದರಿನ ಲೆಕ್ಕ ಪೂರ್ತಿ ಬೇರೆ. ಅದಕ್ಕೆ ಕಂಡೀಷನರ್ ನಿಜಕ್ಕೂ ಬೇಕು. ಎಣ್ಣೆ, ಬೆವರು, ಕಾಫಿ ಎಲ್ಲವನ್ನೂ ಕುಡಿಯುತ್ತದೆ. ಕಂಡೀಷನರ್ ಆದರೂ ಮೊದಲು ಮರೆಯಾದ ಜಾಗದಲ್ಲಿ ಹಚ್ಚಿ, ಬಣ್ಣ ಕಪ್ಪಾಗುತ್ತದೋ ನೋಡಿ. ಮಕ್ಕಳಿರುವ ಮನೆಗೆ ಅನಿಲಿನ್ ಸೀಟಿನ ಕಾರು ಆರಿಸುವ ಮುನ್ನ ಎರಡು ಸಲ ಯೋಚಿಸಿ. ರೆಕ್ಸಿನ್‌ಗೆ ಲೆದರ್ ಕಂಡೀಷನರಿನ ಖರ್ಚು ಸುಮ್ನೆ ದಂಡ. ಒರೆಸಿ, ಬಿಸಿಲಿನಿಂದ ಕಾಯುವ ಹೊಳಪಿಲ್ಲದ ಪ್ರೊಟೆಕ್ಟರ್ ಹಾಕಿ. ಅಲ್ಕಾಂಟಾರಾ ನೋಡಲು ಸ್ವೇಡ್ ಎಂಬ ನವಿರು ಚರ್ಮದ ತರಹ, ಆದರೆ ಚರ್ಮವೇ ಅಲ್ಲ. ಪಾಲಿಯೆಸ್ಟರ್ ಮತ್ತು ಪಾಲಿಯುರೆಥೇನಿನ ಬಟ್ಟೆ. ಅದಕ್ಕೆ ಒದ್ದೆ ಬಟ್ಟೆ, ಮೆದು ಬ್ರಶ್ ಸಾಕು, ಯಾವ ಕ್ರೀಮೂ ಬೇಡ.

ಸೀಟ್ ಕವರ್ ಹಾಕಿ ಎಲ್ಲವನ್ನೂ ಮುಚ್ಚಿಬಿಡುವ ಆಯ್ಕೆಯೂ ಇದೆ. ಉಜ್ಜಾಟ ತಪ್ಪುತ್ತದೆ. ಆದರೆ ಸೀಟಿನ ಪಕ್ಕದಿಂದ ಏರ್‌ಬ್ಯಾಗ್ ಬರುವ ಕಾರಾದರೆ, ಅದಕ್ಕೆಂದೇ ಹೊಲಿಗೆ ಬಿಟ್ಟ ಕವರ್ ಮಾತ್ರ ಹಾಕಿ. ಇಲ್ಲಿ ಹಣ ಉಳಿಸಲು ಹೋಗಬೇಡಿ. ಮುಂದಿನ ಗಾಜಿಗೆ ಒಂದು ಬಿಸಿಲು ತಡೆ ಇಟ್ಟರೆ ಡ್ಯಾಶ್‌ಬೋರ್ಡಿಗೂ ಮುಂದಿನ ಸೀಟಿಗೂ ಒಟ್ಟಿಗೆ ಲಾಭ. ಇಷ್ಟು ಅಗ್ಗದ ರಕ್ಷಣೆ ಬೇರೆ ಇಲ್ಲ.

ನಿಮ್ಮದು ಯಾವ ಪರಿಸ್ಥಿತಿ?

ಬಜೆಟ್ ತೀರಾ ಕಡಿಮೆ ಇದ್ದರೆ ಎರಡು ಬಕೆಟ್, ಎರಡು ಕೈಗವಸು, ನಾಲ್ಕು ಟವೆಲ್, ಶಾಂಪೂ, ಒಂದು ಸೀಲಂಟ್, ಒಂದು ಲೆದರ್ ಕ್ಲೀನರ್, ಒಂದು ಬಿಸಿಲು ತಡೆ ಕೊಳ್ಳಿ. ಇದರಲ್ಲೇ ಕಾರು ಹತ್ತು ವರ್ಷ ಚೆನ್ನಾಗಿರಬಲ್ಲದು. ಬೇರೆಯವರಿಂದ ತೊಳೆಸುವವರೂ ಮೊದಲು ಈ ಕೈಗವಸು, ಟವೆಲ್ ಕೊಂಡು ಅವರ ಕೈಗೆ ಕೊಡಿ, ಹೇಗೆಂದು ಒಮ್ಮೆ ತೋರಿಸಿಕೊಡಿ. ಅದು ಸಾಧ್ಯವಾಗದಿದ್ದರೆ ಸೆರಾಮಿಕ್ಕಿಗೆ ಹಣ ಹಾಕಬೇಡಿ, ಸೀಲಂಟಿನಲ್ಲೇ ಇರಿ.

ಹೊಸ ಕಾರು, ಎಂಟು ಹತ್ತು ವರ್ಷ ಇಟ್ಟುಕೊಳ್ಳುವ ಮನಸ್ಸು, ಬಿಸಿಲಿನಲ್ಲೇ ನಿಲ್ಲುತ್ತದೆ, ತೊಳೆಯುವುದು ನೀವೇ. ಆಗ ಸೆರಾಮಿಕ್ ಕೋಟಿಂಗ್ ಹಾಕಿಸಬಹುದು. ವಾರಕ್ಕೆ ನಾಲ್ಕೈದು ದಿನ ಹೆದ್ದಾರಿ ಹಿಡಿಯುವವರು ಅದೇ ಹಣವನ್ನು ಮುಂಭಾಗದ ಪಿಪಿಎಫ್‌ಗೆ ಹಾಕಿ, ಉಳಿದ ಮೈಗೆ ಸೀಲಂಟ್ ಹಚ್ಚಿ. ಎರಡಕ್ಕೂ ಶಕ್ತಿ ಇದ್ದರೆ ಮೊದಲು ಫಿಲ್ಮ್, ಅದರ ಮೇಲೂ ಉಳಿದ ಮೈ ಮೇಲೂ ಸೆರಾಮಿಕ್. ಒಂದು ವರ್ಷದೊಳಗೆ ಮಾರುವ ಯೋಚನೆ ಇದ್ದರೆ ಕ್ಲೇ ಬಾರ್, ಒಂದು ಹಗುರ ಪಾಲಿಶ್, ವ್ಯಾಕ್ಸ್, ಒಳಗೆ ಚೆನ್ನಾದ ಕ್ಲೀನಿಂಗ್. ಅದಕ್ಕಿಂತ ಜಾಸ್ತಿ ಹಾಕಿದ ಹಣ ವಾಪಸ್ ಬರುವುದು ಕಷ್ಟ.

ಹಳೇ ಕಾರು ಕೊಂಡವರು ಮೊದಲು ಟಾಪ್ ಮತ್ತು ಬಾನೆಟ್ ನೋಡಿ. ಬಿಳಿ ಚಕ್ಕೆ ಎದ್ದಂತೆ ಕ್ಲಿಯರ್ ಕೋಟ್ ಸುಲಿಯುತ್ತಿದ್ದರೆ ಪಾಲಿಶ್, ಕೋಟಿಂಗ್ ಯಾವುದೂ ಬೇಡ. ಆ ಭಾಗಕ್ಕೆ ಪೇಂಟ್ ಮಾಡಿಸಿ. ಈಗ ಆಗದಿದ್ದರೆ ವ್ಯಾಕ್ಸ್ ಹಚ್ಚುತ್ತಾ ಇರಿ, ಸುಲಿಯುವುದು ಸ್ವಲ್ಪ ನಿಧಾನವಾಗಬಹುದು. ಡ್ರೈವರ್ ಸೀಟಿನ ಅಂಚಿನಲ್ಲಿ ಬಣ್ಣ ಹೋಗಿ ಚರ್ಮ ಕಾಣುತ್ತಿದ್ದರೆ ಕಂಡೀಷನರ್ ಹಚ್ಚಿ ಕಾಯಬೇಡಿ. ಲೆದರಿಗೆಂದೇ ಬರುವ ನೀರಿನ ಮೂಲದ ಬಣ್ಣದ ಕಿಟ್ ಸಿಗುತ್ತದೆ. ಕ್ಲೀನ್ ಮಾಡಿ, ಜಿಡ್ಡು ತೆಗೆದು, ಸ್ಪಂಜಿನಲ್ಲಿ ತೆಳುವಾಗಿ ಮೂರು ನಾಲ್ಕು ಸಲ ಬಣ್ಣ ಕೊಡಿ. ಪ್ರತಿ ಸಲವೂ ಪೂರ್ತಿ ಆರಲು ಬಿಡಿ. ಕೊನೆಗೆ ಕಿಟ್ಟಿನಲ್ಲೇ ಇರುವ ಮೇಲ್ಲೇಪ ಹಚ್ಚಿ ಒಂದು ದಿನ ಆ ಸೀಟಿನಲ್ಲಿ ಕೂರಬೇಡಿ. ಬಿರುಕು ಆಳಕ್ಕೆ ಇಳಿದು ಚರ್ಮವೇ ಸೀಳಿದ್ದರೆ ಆ ಒಂದು ತುಂಡನ್ನು ಬಿಚ್ಚಿಸಿ ಹೊಸದು ಹೊಲಿಸುವುದು, ಇಡೀ ಸೀಟು ಬದಲಿಸ್ತೀನಿ ಎನ್ನುವುದಕ್ಕಿಂತ ಎಷ್ಟೋ ಕಡಿಮೆಯಲ್ಲಿ ಮುಗಿಯುತ್ತದೆ.